ಹೊಸ್ತಿಲಲ್ಲಿ ನಿಂತ ಬೋರಿ

ಗಂಜಾಂನ ಶಾಜಿಯಾ ಬರೆದ ‘ಒದ್ದೆ ಲಂಗ’ ಎಂಬ ಕಥೆ ವಾರಪತ್ರಿಕೆಯಲ್ಲಿ ಬಂದ ಮೇಲೆ ಅರಕೆರೆಯಿಂದ ಜಯಲಕ್ಷ್ಮಮ್ಮನ ಫೋನು ಬಂತು. ಇಬ್ಬರೂ ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು.

ಪಾಂಡವಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಬರೆಯುವುದನ್ನು ಕಲಿತವರು ಅವರು. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಓದಿ ತಿದ್ದದೆ ಯಾವುದೂ ಅಚ್ಚಿಗೆ ಹೋಗುತ್ತಿರಲಿಲ್ಲ. ಶಾಜಿಯಾಳ ತಾಯಿ ಇಮಾಮ್ ಬೀ ಹರೆಯದಲ್ಲಿ ಗಂಡನ ಮನೆ ಬಿಟ್ಟು ಯಾರದೋ ಜೊತೆ ಹೋಗಿ, ಕೆಲವು ತಿಂಗಳಾದ ಮೇಲೆ ಮರಳಿದ್ದಳು. ಗೆಳತಿಯೆಂದು ನಂಬಿ ಶಾಜಿಯಾ ಅದನ್ನು ಹೇಳಿಕೊಂಡಳು. ಜಯಲಕ್ಷ್ಮಮ್ಮ ಅದನ್ನೇ ಕಥೆ ಮಾಡಿದಳು. ಹೆಸರು ಬದಲಾಗಿತ್ತು, ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಆ ಕಥೆಗೆ ಬಹುಮಾನವೂ ಬಂತು. ಶಾಜಿಯಾ ಜಗಳವಾಡಲಿಲ್ಲ, ಹೋಗಿ ಬರುವುದನ್ನು ನಿಲ್ಲಿಸಿದಳು, ಅಷ್ಟೆ. ಆದರೆ ಏನು ಬರೆದರೂ, ಇದನ್ನು ಜಯ ಓದಿದರೆ ಏನೆಂದಾಳು ಎಂಬ ಯೋಚನೆ ಮಾತ್ರ ಬಿಡಲಿಲ್ಲ.

ಈಗ ಜಯಲಕ್ಷ್ಮಮ್ಮ ಕುಶಲ ಕೇಳಲಿಲ್ಲ. ಕಥೆಯಲ್ಲಿರುವ ಆ ಹುಡುಗಿಯನ್ನು ಎಲ್ಲಿ ನೋಡಿದೆ ಎಂದಳು.

ಶಾಜಿಯಾ ನಿಜ ಹೇಳಿದಳು. ಬೇಸಿಗೆಯಿಂದೀಚೆಗೆ ಬೆಳಿಗ್ಗೆ ಬರೆಯಲು ಕೂತರೆ ಆರೇಳು ವರ್ಷದ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತಿರುತ್ತಾಳೆ. ಲಂಗದಿಂದ ನೀರು ತೊಟ್ಟಿಕ್ಕುತ್ತದೆ, ನೆಲ ಒದ್ದೆಯಾಗುವುದಿಲ್ಲ. ‘ಅಕ್ಕ, ಬರ್ದಾಯ್ತಾ?’ ಎನ್ನುತ್ತಾಳೆ. ಮೊದಲ ಸಲ ಹೆದರಿ ಬಾಗಿಲು ಹಾಕಿದರೆ ಹುಡುಗಿ ಬಾಗಿಲ ಈಚೆಗೆ ನಿಂತಿದ್ದಳು. ತಡೆಯಲಾರದೆ ಕೊನೆಗೆ ಶಾಜಿಯಾ ಅವಳನ್ನೇ ಕಥೆಯಾಗಿ ಬರೆದುಬಿಟ್ಟಳು.

ಜಯಲಕ್ಷ್ಮಮ್ಮ ಈಗ ತಾನೂ ನಿಜ ಹೇಳಿದಳು.

“ಅವ್ಳು ನನ್ ತಂಗಿ, ಬೋರಿ. ಚಿಕ್ಕೋಳಿದ್ದಾಗ್ಲೇ ನಾಲೇಲಿ ಮುಳುಗಿ ಸತ್ತೋಳು. ನಾನ್ ಬರಿಯಕ್ಕೆ ಕುಂತಾಗ್ಲೆಲ್ಲ ಬತ್ತಿದ್ಲು, ಯಾರ್ಗೂ ಯೋಳಿಲ್ಲ. ಬೇಸ್ಗೇಲಿ ಬರೋದ್ನೇ ಬುಟ್ಬುಟ್ಲು. ಆಗ್ಲಿಂದ ನಂಗೊಂದ್ ಸಾಲೂ ಬರಿಯಕ್ಕಾಗಿಲ್ಲ.” ಆಮೇಲೆ ಅಂದಳು, “ನಿಮ್ಮವ್ವನ್ನ ನಾನ್ ತಗಂಡೆ. ನನ್ ತಂಗೀನ ನೀನ್ ತಗಂಡೆ ಕಣೇ.”

“ನಾನು ಕರೀಲಿಲ್ಲ ಜಯ,” ಎಂದಳು ಶಾಜಿಯಾ. “ನೀನೇ ಬಂದು ಕರ್ಕೊಂಡೋಗು.”

ಮರುದಿನ ಮೊದಲ ಬಸ್ಸಿಗೇ ಜಯಲಕ್ಷ್ಮಮ್ಮ ಬಂದಳು. ತಲೆಯಲ್ಲಿ ಒಂದೂ ಕರಿಗೂದಲಿರಲಿಲ್ಲ. ತಬ್ಬಿಕೊಳ್ಳಬಾರದೆಂದು ಗಟ್ಟಿ ಮನಸ್ಸು ಮಾಡಿದ್ದ ಶಾಜಿಯಾ ತಬ್ಬಿಕೊಂಡೇಬಿಟ್ಟಳು. ಚಹಾ ಕುಡಿದು ಶಾಜಿಯಾ ಮೇಜಿಗೆ ಕೂತಳು, ಜಯಲಕ್ಷ್ಮಮ್ಮ ಹೊಸ್ತಿಲ ಪಕ್ಕ ನೆಲದ ಮೇಲೆ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಹುಡುಗಿ ಬಂದಳು.

ಜಯಲಕ್ಷ್ಮಮ್ಮನಿಗೆ ಏನೂ ಕಾಣಲಿಲ್ಲ. ಶಾಜಿಯಾಳ ನೋಟ ನಿಂತ ಕಡೆ ಕೈಚಾಚಿ ತಡವಿದಳು. ಆ ಕೈ ಹುಡುಗಿಯ ಭುಜದೊಳಗಿಂದ ಹಾದುಹೋದದ್ದನ್ನು ಶಾಜಿಯಾ ನೋಡಿದಳು, ಹೇಳಲಿಲ್ಲ. ಏನು ಉಟ್ಟಿದ್ದಾಳೆಂದು ಜಯಲಕ್ಷ್ಮಮ್ಮ ಕೇಳಿದಳು. ಹಸಿರು ಲಂಗ, ಎಡಕಿವಿಯಲ್ಲಿ ಓಲೆಯಿಲ್ಲ ಎಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹುಡುಗಿ ಆ ಬಿಳಿಗೂದಲಿನವಳನ್ನೇ ನೋಡುತ್ತ ನಿಂತಳು. ಮುಖದಲ್ಲಿ ಯಾವ ಗುರುತೂ ಮೂಡಲಿಲ್ಲ. ಆಮೇಲೆ ಶಾಜಿಯಾಳ ಕಡೆ ತಿರುಗಿದಳು.

“ಅಕ್ಕ, ಈ ಅಜ್ಜಿ ಯಾರು?”

“ಏನಂದ್ಲು?” ಜಯಲಕ್ಷ್ಮಮ್ಮನ ಕಣ್ಣು ಶಾಜಿಯಾಳ ತುಟಿಯ ಮೇಲಿತ್ತು. “ನನ್ ಕಂಡ್ಲಾ?”

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟನ್ನು ತೀರಿಸಿಕೊಳ್ಳಲು ಶಾಜಿಯಾಳಿಗೆ ಒಂದೇ ಮಾತು ಸಾಕಾಗಿತ್ತು.

“ನಿನ್ನನ್ನೇ ಕೇಳ್ತಾ ಇದಾಳೆ,” ಎಂದಳು.

ಜಯಲಕ್ಷ್ಮಮ್ಮ ಅಂದು ಅರಕೆರೆಗೆ ಹಿಂತಿರುಗಲಿಲ್ಲ. ಒಂದೆರಡು ಸೀರೆ ತರಿಸಿಕೊಂಡು ಗಂಜಾಂನಲ್ಲೇ ಉಳಿದಳು. ಈಗ ಬೆಳಿಗ್ಗೆ ಶಾಜಿಯಾ ಬರೆಯುತ್ತಾಳೆ, ಬರೆದದ್ದನ್ನು ಜಯಲಕ್ಷ್ಮಮ್ಮ ಮೊದಲಿನಂತೆ ಮುಲಾಜಿಲ್ಲದೆ ತಿದ್ದುತ್ತಾಳೆ. ಹುಡುಗಿ ದಿನವೂ ಬಂದು ಈ ಅಜ್ಜಿ ಯಾರೆಂದೇ ಕೇಳುತ್ತಾಳೆ, ಹಿಂದಿನ ದಿನ ಕೇಳಿಯೇ ಇಲ್ಲವೆಂಬಂತೆ.