ತನಗೆ ತಾನೇ ಸಮವಲ್ಲದ ಮಟ್ಟ

ನಮ್ಮ ಕಚೇರಿಯಲ್ಲಿ ಕೋಡ್ ತಪಾಸಣೆ ಮಾಡುವ ಪ್ರೋಗ್ರಾಮಿಗೆ ಮ್ಯಾಗ್‌ಪೈ ಎಂದು ಹೆಸರಿಟ್ಟಿದ್ದೇವೆ. ವಸಂತದಲ್ಲಿ ಗೂಡಿನ ಹತ್ತಿರ ಸೈಕಲ್ ತುಳಿಯುವವರ ತಲೆಗೆ ಹಿಂದಿನಿಂದ ಬಂದು ಕುಕ್ಕುವ ಹಕ್ಕಿ ಅದು. ನಾವು ಬರೆದದ್ದನ್ನು ಚಲಾಯಿಸದೆ, ಬರೀ ಓದಿ, ಈ ಸಾಲು ಅನುಮಾನ, ಆ ಸಾಲು ವ್ಯರ್ಥ ಎಂದು ಈ ಪ್ರೋಗ್ರಾಮೂ ಕುಕ್ಕುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು.

ಲಾನ್ಸೆಸ್ಟನ್ನಿನ ಈ ಸಣ್ಣ ಕಚೇರಿಯಲ್ಲಿ ನಾವು ಬರೆಯುವುದು ಅಣೆಕಟ್ಟುಗಳ ಗೇಟು ಏರಿಸಿ ಇಳಿಸುವ ಪ್ರೋಗ್ರಾಂ. ಕೋಡು ಹಳೆಯದು, ಬರೆದವರಲ್ಲಿ ಹೆಚ್ಚಿನವರು ನಿವೃತ್ತರು. ಹಾಗಾಗಿ ಮ್ಯಾಗ್‌ಪೈ ಕೊಡುವ ಎಚ್ಚರಿಕೆಗಳು ನೂರಾರು. ಅವನ್ನು ಸೊನ್ನೆಗೆ ಇಳಿಸಿದವರಿಗೆ ಉಳಿದವರೆಲ್ಲ ಸೇರಿ ಒಂದು ತಟ್ಟೆ ಲಾಮಿಂಗ್ಟನ್ ಕೇಕು ಕೊಡಿಸಬೇಕೆಂಬ ಪದ್ಧತಿ ಇತ್ತಾದರೂ ಯಾರಿಗೂ ಕೊಡಿಸುವ ಪ್ರಸಂಗ ಬಂದಿರಲಿಲ್ಲ. ಆ ಶುಕ್ರವಾರ ನನ್ನ ಸಹೋದ್ಯೋಗಿ ಕ್ಯಾಲಮ್ ಪ್ರೂಯೆಟ್ ಸೊನ್ನೆ ಮಾಡಿಬಿಟ್ಟ. ಮ್ಯಾಗ್‌ಪೈ ಎಚ್ಚರಿಸುವುದಷ್ಟೇ ಅಲ್ಲ, ತಿದ್ದುಪಡಿಯನ್ನೂ ಸೂಚಿಸುತ್ತದೆ. ಅವನು ಸೂಚನೆಗಳನ್ನೆಲ್ಲ ಒಪ್ಪುತ್ತಾ ಹೋಗಿದ್ದ. ಸಂಜೆಯೇ ಹೊಸ ಪ್ರೋಗ್ರಾಂ ಒಂದು ಅಣೆಕಟ್ಟಿಗೆ ಹೋಯಿತು.

ಸೊನ್ನೆ ನನಗೆ ನೆಮ್ಮದಿ ಕೊಡಲಿಲ್ಲ. ಶನಿವಾರ ಬೆಳಿಗ್ಗೆ ಕಚೇರಿಗೆ ಬಂದು, ಅವನು ಏನೇನು ಅಳಿಸಿದ್ದಾನೆಂದು ಒಂದೊಂದೇ ಸಾಲು ಓದುತ್ತಾ ಕೂತೆ. ಕ್ಯಾಲಮ್ ಕೂಡ ಬಂದಿದ್ದ, ಉಳಿದ ಕೇಕು ಒಯ್ಯಲು. ಹೊಟ್ಟೆಕಿಚ್ಚಾ ಎಂದು ಕೇಳಿದ. ಹೌದೆಂದೆ.

ಆಮೇಲೆ ಆ ಸಾಲು ಸಿಕ್ಕಿತು. ಹಳೆಯ ಕೋಡಿನಲ್ಲಿ ಗೇಟು ಇನ್ನಷ್ಟು ಏರಿಸಿ ನೀರು ಬಿಡುವ ಮೊದಲು ಒಂದು ಪ್ರಶ್ನೆ ಇತ್ತು: ನದಿಯ ಮಟ್ಟವು ನದಿಯ ಮಟ್ಟಕ್ಕೆ ಸಮವೇ? ಸಮವಲ್ಲದಿದ್ದರೆ ಗೇಟು ಮುಚ್ಚು. ‘ಇದು ಯಾವಾಗಲೂ ನಿಜ, ಕೇಳುವುದು ವ್ಯರ್ಥ’ ಎಂದು ಮ್ಯಾಗ್‌ಪೈ ಹೇಳಿತ್ತು. ಕ್ಯಾಲಮ್ ಅಳಿಸಿದ್ದ.

ಯಾರೇ ಆದರೂ ಅಳಿಸುತ್ತಿದ್ದರು. ಆದರೆ ಅಣೆಕಟ್ಟಿನ ಕೆಳಗೆ ನದಿಯ ಮಟ್ಟ ಅಳೆಯುವ ಮಾಪಕದ ತಂತಿ ಕಡಿದರೆ ಬರುವುದು ಸೊನ್ನೆಯಲ್ಲ, ‘ಇದು ಸಂಖ್ಯೆಯೇ ಅಲ್ಲ’ ಎಂಬ ಒಂದು ಗುರುತು. ಕಂಪ್ಯೂಟರಿನ ದಶಮಾಂಶ ಗಣಿತದಲ್ಲಿ ಆ ಗುರುತು ಯಾವುದಕ್ಕೂ ಸಮವಲ್ಲ, ತನಗೆ ತಾನೂ ಸಮವಲ್ಲ. ಯಾವುದಕ್ಕಿಂತಲೂ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮಾಪಕ ಸತ್ತಿದೆಯೇ ಎಂದು ತಿಳಿಯಲು ಹಳಬರು ಇಟ್ಟ ಪ್ರಶ್ನೆ ಅದು. ಈಗ ಅದಿಲ್ಲ. ಮಾಪಕ ಸತ್ತರೆ, ಮಟ್ಟ ಮಿತಿಗಿಂತ ಹೆಚ್ಚಾಯಿತೇ ಎಂದು ಗೇಟು ಕೇಳುತ್ತದೆ, ಇಲ್ಲ ಎಂಬ ಉತ್ತರ ಬರುತ್ತದೆ, ಗೇಟು ಏರುತ್ತಲೇ ಹೋಗುತ್ತದೆ.

ಗಡಿಯಾರ ನೋಡಿದೆ. ಆವತ್ತು ಆ ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಕಯಾಕ್ ಎಂಬ ಸಣ್ಣ ದೋಣಿಗಳ ಪಂದ್ಯ. ಆ ನದಿಗೆ ನೀರು ಬರುವುದೇ ಅಣೆಕಟ್ಟಿನವರು ಬಿಟ್ಟರೆ. ಉಳಿದ ದಿನ ಬರೀ ಬಂಡೆ. ಪಂದ್ಯ ನಡೆಸುವವನು ನನ್ನ ತಮ್ಮ ರೋವನ್. ಮಗುಚಿದವರಿಗೆ ಹಗ್ಗ ಎಸೆಯಲು ಅವನು ನಡುನೀರಿನ ಬಂಡೆಯ ಮೇಲೆ ನಿಲ್ಲುತ್ತಾನೆ. ಒಮ್ಮೆ ನೀರು ಬಂದಮೇಲೆ, ಗೇಟು ಮುಚ್ಚುವವರೆಗೆ ಅಲ್ಲಿಂದ ಇಳಿಯಲು ದಾರಿಯಿಲ್ಲ. ಆ ಕಣಿವೆಯಲ್ಲಿ ಫೋನೂ ಸಿಗುವುದಿಲ್ಲ. ನೀರು ಏರಿದಾಗ ತೇಲಿಬರುವ ದಿಮ್ಮಿಗಳು ಮಾಪಕದ ತಂತಿಯನ್ನು ಎಳೆದು ಕೀಳುವುದು ಅಲ್ಲಿ ಹೊಸದಲ್ಲ.

ಅಣೆಕಟ್ಟಿಗೆ ಫೋನ್ ಮಾಡಿದೆ. ನಿಯಂತ್ರಣ ಕೊಠಡಿಯಲ್ಲಿ ಮಾರ್ಗ್ ಟಬ್ ಒಬ್ಬಳೇ ಇದ್ದಳು. ಗೇಟು ಆಗಲೇ ಏರಲು ಶುರುವಾಗಿತ್ತು.

“ಮಾಪಕ ಸರಿಯಾಗೇ ಇದೆ ಕಣೇ ನೆರಿಡಾ. ನಂಬರು ನನ್ನ ಕಣ್ಣೆದುರಿಗೇ ಇದೆ,” ಎಂದಳು.

ಕೆಟ್ಟರೆ ಏನಾಗುತ್ತದೆಂದು, ಕೆಟ್ಟದ್ದು ಕಂಡು ಮುಚ್ಚುವಷ್ಟರಲ್ಲಿ ತಡವಾಗಿರುತ್ತದೆಂದು ಹೇಳಿದೆ. ಕೈಯಿಂದ ನಡೆಸಲು ಆಗುವುದಿಲ್ಲವೇ ಎಂದೆ. ಅದಕ್ಕೆ ಗೇಟಿನ ಬಳಿ ಇಬ್ಬರು ನಿಲ್ಲಬೇಕು, ತಾನೊಬ್ಬಳೇ ಇದ್ದೇನೆ ಎಂದಳು. ಉಳಿದದ್ದು ಒಂದೇ, ಪೂರ್ತಿ ಮುಚ್ಚುವುದು. ಮುಚ್ಚಿದರೆ ಈ ವರ್ಷ ಮತ್ತೆ ನೀರಿಲ್ಲ.

“ಸಮುದ್ರ ದಾಟಿ ವಿಕ್ಟೋರಿಯಾದಿಂದೆಲ್ಲ ಜನ ಬಂದಿದಾರೆ. ಅವರಿಗೆ ನಾನೇನು ಹೇಳ್ಲಿ? ಕಚೇರಿಲಿ ಕೂತವಳೊಬ್ಬಳಿಗೆ ಯಾಕೋ ಹಾಗನ್ನಿಸ್ತು ಅಂತಾನಾ? ನಿಂಗೆ ಗೊತ್ತಿದೆಯೋ, ಅನ್ನಿಸ್ತಿದೆಯೋ?”

ಓದಿ ತಿಳಿದದ್ದನ್ನು ಗೊತ್ತು ಎನ್ನಬಹುದೇ? ಇಡೀ ದಿನ ಓದಿ ತೀರ್ಪು ಕೊಡುವ ಮ್ಯಾಗ್‌ಪೈಯೇ ತಪ್ಪಿತ್ತು. ನಾನೂ ಓದಿದ್ದೆನಷ್ಟೆ.

ಕಚೇರಿಯ ಪರೀಕ್ಷಾ ಮೇಜಿನ ಮೇಲೆ ಅಣೆಕಟ್ಟಿನಲ್ಲಿರುವಂಥದ್ದೇ ನಿಯಂತ್ರಣ ಪೆಟ್ಟಿಗೆ ಇದೆ. ಅದರ ಮಾಪಕವನ್ನು ಒಂದು ಬಕೆಟ್ ನೀರಿನಲ್ಲಿ ಇಳಿಬಿಟ್ಟಿರುತ್ತೇವೆ. ಶುಕ್ರವಾರದ ಪ್ರೋಗ್ರಾಂ ಅದರಲ್ಲೇ ಇತ್ತು. ಮಾರ್ಗ್‌ಗೆ ಫೋನ್ ಇಡಬೇಡ ಎಂದು, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಕ್ಯಾಲಮ್ ಮಾಪಕದ ತಂತಿಯ ಮುಂದೆ ನಿಂತ.

“ಮ್ಯಾಗ್‌ಪೈಯೇ ಹೇಳಿತ್ತಲ್ಲ,” ಎಂದ.

“ಕೀಳು ಮಾರಾಯ.”

ಕಿತ್ತ. ಪರದೆಯ ಮೇಲೆ ಮಟ್ಟವಿದ್ದ ಜಾಗದಲ್ಲಿ ಎರಡು ಗೀಟು ಬಂದವು. ಗೇಟು ಎಷ್ಟು ತೆರೆದಿದೆಯೆಂಬ ಅಂಕಿ ಒಂದು ಕ್ಷಣ ಅಲ್ಲಾಡಲಿಲ್ಲ. ನಾನು ತಪ್ಪು ತಿಳಿದೆನೇ ಎನ್ನಿಸಿತು. ತಪ್ಪಾಗಿರಲಿ ಎಂದೂ ಅನ್ನಿಸಿತು. ಅಂಕಿ ಏರತೊಡಗಿತು.

“ಎಷ್ಟಿದೆ?” ಮಾರ್ಗ್ ಕೇಳಿದಳು.

“ಕಾಲು ಭಾಗ ತೆರೆದಿದೆ,” ಎಂದ ಕ್ಯಾಲಮ್. “ಅರ್ಧ... ನಿಲ್ತಾ ಇಲ್ಲ. ಮುಕ್ಕಾಲು.”

“ನಿಮ್ಮ ಅಳತೇಲಿ ಮುಕ್ಕಾಲು ಅಂದ್ರೆ ನನ್ನ ನದೀಲಿ ಎಷ್ಟು ಅಂತ ಗೊತ್ತಾ ನಿಮಗೆ?”

“ಪೂರ್ತಿ,” ಎಂದಷ್ಟೇ ಹೇಳಿದ ಕ್ಯಾಲಮ್.

ಆ ಕಡೆ ಕುರ್ಚಿ ಸರಿದ ಸದ್ದು, ಒಂದು ಬೈಗುಳ, ಏನನ್ನೋ ಒತ್ತಿದ ಸದ್ದು. ಮುಚ್ಚುತ್ತಿದೆ ಎಂದು ಹೇಳಿ ಮಾರ್ಗ್ ಫೋನ್ ಇಟ್ಟಳು. ಆದರೆ ಬಿಟ್ಟ ನೀರು ಬಿಟ್ಟದ್ದೇ, ಅದು ಇಳಿದು ಹೋಗಬೇಕು. ಅಲ್ಲಿ ತಂತಿ ಕಡಿದಿತ್ತೋ, ಮುಚ್ಚುವ ಮೊದಲೇ ಗೇಟು ಎಷ್ಟು ಏರಿತ್ತೋ ನನಗೆ ತಿಳಿಯದು. ಮತ್ತೆ ಕರೆದರೆ ಅವಳ ಫೋನ್ ಬಿಡುವಿರಲಿಲ್ಲ.

ಕ್ಯಾಲಮ್ ತಂತಿ ಮತ್ತೆ ಸಿಕ್ಕಿಸಿ, ಅಳಿಸಿದ ಸಾಲನ್ನು ಮರಳಿ ಬರೆದ. ಅದು ಏಕಿದೆ ಎಂದು ಮೇಲೊಂದು ವಿವರಣೆಯನ್ನೂ ಬರೆಯತೊಡಗಿದ. ಬರೆದು, ಅಳಿಸಿ, ಮತ್ತೆ ಬರೆದ. ನಾನು ಆ ಪ್ರಶ್ನೆಯನ್ನು ವ್ಯರ್ಥ ಎಂದ ಮ್ಯಾಗ್‌ಪೈಯ ನಿಯಮ ತೆರೆದಿಟ್ಟು ನೋಡುತ್ತಿದ್ದೆ. ಪೂರ್ಣಾಂಕಗಳಿಗೆ ಅದು ಸರಿಯೇ. ದಶಮಾಂಶಗಳನ್ನು ಹೊರಗಿಡಬೇಕಿತ್ತು. ನನ್ನಿಂದ ಒಂದಕ್ಷರವನ್ನೂ ಬರೆಯಲು ಆಗಲಿಲ್ಲ.

ಮಧ್ಯಾಹ್ನದ ಮೇಲೆ ರೋವನ್‌ನ ಫೋನ್ ಬಂತು.

“ಏನೇ ಮಾಡ್ದೆ ನೀನು? ಇಡೀ ವರ್ಷ ಓಡಾಡಿ ತರಿಸಿದ ನೀರು ಕಣೇ ಅದು. ಅರ್ಧ ಜನ ಕಯಾಕ್ ಇಳಿಸಿದ್ರು. ಮಾರ್ಗ್‌ನ ಕೇಳ್ದೆ, ಮಾಪಕ ಒಂದ್ಸಲನೂ ಕೆಟ್ಟಿಲ್ವಂತೆ. ಏನೂ ಆಗಿಲ್ಲ, ಗೊತ್ತಾ? ಏನೂ ಇಲ್ಲ!”

“ಎಲ್ಲಿದೀಯ?” ಎಂದೆ.

“ಎಲ್ಲಿ ಅಂದ್ರೆ? ಗುಡ್ಡದ ಮೇಲೆ, ಕಾರಿನ ಹತ್ರ. ನಿಂಗೆ ಬೈಯೋಕ್ಕೇ ಇಲ್ಲೀವರ್ಗೂ ಹತ್ತಿ ಬಂದಿದೀನಿ.”

ಮತ್ತೆ ಶುರುಮಾಡಿದ. ನನ್ನ ಕಂಪ್ಯೂಟರುಗಳು, ನನ್ನ ಅತಿ ಎಚ್ಚರ, ಚಿಕ್ಕಂದಿನಲ್ಲಿ ಅವನನ್ನು ಮರ ಹತ್ತಲು ಬಿಡದಿದ್ದದ್ದು, ಎಲ್ಲವೂ ಬಂದವು. ಕ್ಯಾಲಮ್ ನನ್ನನ್ನೇ ನೋಡುತ್ತಿದ್ದ. ನಾನು ಕುರ್ಚಿ ಎಳೆದುಕೊಂಡು ಕೂತು, ರೋವನ್ ಮುಗಿಸುವವರೆಗೂ ಕೇಳಿಸಿಕೊಂಡೆ.