ಬಸುರಿ ಬಯಸಿದ ಫಸೀಖ್

ಬುಸೈನಾಳಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಅವಳ ತಟ್ಟೆಗೆ ಇಬ್ಬರು ಯಜಮಾನರು ಹುಟ್ಟಿಕೊಂಡಿದ್ದರು. ಆರೋಗ್ಯ ಇಲಾಖೆಯವರು ಟೀವಿಯಲ್ಲಿ 'ಮಿತವಾಗಿರಲಿ' ಅಂದರೆ ಗಂಡ ಸಫ್ವತ್‌ಗೆ 'ಮುಟ್ಟಲೇಬೇಡ' ಎಂದು ಕೇಳಿಸುತ್ತಿತ್ತು. ಹೀಗೆ ಚಹಾ ಹೋಯಿತು, ಚೀಸ್ ಹೋಯಿತು, ಕೊನೆಗೆ ಮೊಟ್ಟೆಯೂ ಹೋಯಿತು. ಅತ್ತೆ ಇಕ್ಬಾಲ್ ಇದಕ್ಕೆ ತದ್ವಿರುದ್ಧ. "ನಾನೂ ಹೆತ್ತಿದೀನಿ. ಯಾವ ಮಂತ್ರೀನ ಕೇಳ್ಕೊಂಡು ತಿಂದೆ?" ಎನ್ನುತ್ತ ಸೊಸೆಯ ತಟ್ಟೆ ತುಂಬಿಸುತ್ತಿದ್ದರು.

ಅಷ್ಟರಲ್ಲಿ ವಸಂತದ ಹಬ್ಬ ಶಮ್ ಎನ್ನಸೀಮ್ ಹತ್ತಿರ ಬಂತು. ನೈಲ್ ದಂಡೆಯ ಮನ್ಸೂರಾ ಊರಿನ ಅಂಗಡಿಗಳ ಪೀಪಾಯಿಗಳಿಂದ ಫಸೀಖ್ ಘಮ್ಮೆಂದಿತು. ಉಪ್ಪಿನಲ್ಲಿ ವಾರಗಟ್ಟಲೆ ಹೂತಿಟ್ಟು ಹುಳಿ ಬರಿಸಿದ ಆ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಓಡುವವರಿದ್ದಾರೆ. ಬುಸೈನಾಳ ಬಾಯಲ್ಲಿ ಮಾತ್ರ ನೀರೂರಿತು. ಬೇರೇನೂ ಬೇಡ, ಅದೇ ಬೇಕು. ಅಂದು ಸಂಜೆಯೇ ಟೀವಿಯಲ್ಲಿ ಪ್ರತಿವರ್ಷದ ಎಚ್ಚರಿಕೆ ಬಂತು: ಗರ್ಭಿಣಿಯರು ಫಸೀಖ್ ತಿನ್ನಕೂಡದು.

"ಕೇಳಿಸ್ತಾ?" ಎಂದ ಸಫ್ವತ್.

"ಬಸುರಿ ಬಯಕೆ ತೀರಿಸದಿದ್ರೆ ಕೂಸಿನ ಕೆನ್ನೆ ಮೇಲೆ ಮೀನಿನ ಮಚ್ಚೆ ಮೂಡುತ್ತೆ. ಇದು ನಿಂಗೆ ಕೇಳಿಸ್ತಾ?" ಎಂದರು ಅವನ ತಾಯಿ.

"ಮೂಡಿದ್ರೆ ಮೂಡ್ಲಿ ಬಿಡಮ್ಮ."

"ಹೆಣ್ಣುಮಗು ಆದ್ರೆ ನೀನು ಮದುವೆ ಮಾಡ್ತೀಯೇನೋ, ದೊಡ್ಡಮನುಷ್ಯ!"

ಬುಸೈನಾಳಿಗೆ ರೇಗಿತು. "ಹೊರೋಳು ನಾನು, ತಿನ್ನೋಳು ನಾನು. ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ, ಇಬ್ರೂ ಬನ್ನಿ. ಆದ್ರೆ ಅಲ್ಲಿ ಬಾಯಿ ಬಿಡೋದು ನಾನೊಬ್ಳೇ."

ಡಾಕ್ಟರ್ ಮರ್ವತ್ ಮೂವರ ಮುಖ ನೋಡಿಯೇ ಅರ್ಧ ಕತೆ ಅರಿತರು. "ಚಹಾನಾ? ದಿನಕ್ಕೆ ಒಂದೆರಡು ಲೋಟ ಕುಡಿಯಮ್ಮ. ಊಟದ ಜೊತೆಗೆ ಮಾತ್ರ ಬೇಡ. ಮೊಟ್ಟೆ ಚೆನ್ನಾಗಿ ಬೇಯಿಸಿ ತಿನ್ನು. ಯಾರು ಬೇಡ ಅಂದೋರು?"

ಸಫ್ವತ್ ಫ್ಯಾನಿನ ರೆಕ್ಕೆ ನೋಡತೊಡಗಿದ.

"ಹಸಿ ಹಾಲಿನ ಚೀಸ್ ಬೇಡ, ಕಾಯಿಸಿದ ಹಾಲಿಂದಾದ್ರೆ ಆಗುತ್ತೆ."

ಅತ್ತೆ ಗೆದ್ದವರಂತೆ ಮಗನ ಪಕ್ಕೆ ತಿವಿದರು. ಬುಸೈನಾ ದನಿ ತಗ್ಗಿಸಿ ಕೇಳಿದಳು: "ಫಸೀಖ್?"

"ಅದೊಂದು ಬೇಡ," ಎಂದರು ಡಾಕ್ಟರು, ನಗದೆ. "ಕೆಟ್ಟಿರೋ ಫಸೀಖ್ ನೋಡಿದ್ರೂ ಗೊತ್ತಾಗಲ್ಲ, ಮೂಸಿದ್ರೂ ಗೊತ್ತಾಗಲ್ಲ. ಆ ವಿಷ ಏರಿದ್ರೆ ಕಣ್ಣು ಮಂಜಾಗಿ, ಮಾತು ತೊದಲಿ, ಉಸಿರೇ ನಿಲ್ಲಬಹುದು. ನಾನು ಬಸುರೀಲಿ ಅದಕ್ಕಾಗಿ ಅತ್ತಿದೀನಿ, ತಿನ್ನಲಿಲ್ಲ. ಮಚ್ಚೆಗೂ ಬಯಕೆಗೂ ಸಂಬಂಧ ಇಲ್ಲ, ಹೆದರಬೇಡಿ."

ಮನೆಗೆ ಮರಳುವಾಗ ಓಣಿಯ ಒಂದು ಹಳೇ ಬಾಗಿಲ ಮುಂದೆ ಅತ್ತೆಯ ನಡಿಗೆ ನಿಧಾನವಾಯಿತು.

ಹಬ್ಬದ ಬೆಳಿಗ್ಗೆ ನೈಲ್ ದಂಡೆಯ ಹುಲ್ಲಿನ ಮೇಲೆ ಊರಿಗೆ ಊರೇ ಚಾಪೆ ಹಾಸಿತ್ತು. ಪಕ್ಕದ ಮನೆಯ ಉಮ್ ರಿಫಾತ್ ಪೊಟ್ಟಣ ಬಿಚ್ಚಿ ಫಸೀಖ್ ಮೇಲೆ ನಿಂಬೆ ಹಿಂಡಿದರು. "ಒಂದು ಚೂರಿಗೆ ಏನಾಗುತ್ತೆ? ಬಾರೆ ಹುಡುಗಿ!"

ಡಾಕ್ಟರ ಮಾತು ತಲೆಯಲ್ಲಿತ್ತು. ಆದರೆ ಕೈ ತಲೆಯ ಮಾತು ಕೇಳಬೇಕಲ್ಲ! ಅದು ತಾನಾಗಿ ಮುಂದೆ ಹೋಯಿತು. ಸಫ್ವತ್ ಏಳುವ ಮೊದಲೇ ಅವಳ ಮಣಿಕಟ್ಟಿನ ಮೇಲೆ ಪಟ್ಟೆಂದು ಏಟು ಬಿತ್ತು. ಹೊಡೆದವರು ಅತ್ತೆ.

"ಇದೇನೇ ಇಕ್ಬಾಲ್!" ಉಮ್ ರಿಫಾತ್ ಹುಬ್ಬೇರಿಸಿದರು. "ನೀನು ಬಸುರೀಲಿ ಇಡೀ ಮೀನು ಮುಗಿಸಿದ್ದು ನಾ ಕಂಡಿಲ್ವಾ?"

"ಮುಗಿಸಿದ್ದೆ. ನಮ್ಮ ಓಣಿ ಇನ್ಶಿರಾಹ್ ಕೂಡ ಅದೇ ಹಬ್ಬದಲ್ಲಿ ತಿಂದಿದ್ಲು. ಅವಳು ಮುಂದಿನ ಹಬ್ಬ ನೋಡ್ಲಿಲ್ಲ. ಕೆಟ್ಟ ಕಣ್ಣು ಬಿದ್ದಿದೆ ಅಂದ್ವಿ, ಗಾಳಿ ಸೋಕಿದೆ ಅಂದ್ವಿ. ಡಾಕ್ಟರಮ್ಮ ಮಾತು ತೊದಲುತ್ತೆ ಅಂದಾಗ ಅವಳ ತೊದಲು ದನಿ ಕಿವೀಲಿ ಕೇಳಿದಂಗಾಯ್ತು." ಅತ್ತೆ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡರು. "ಉಳಿದೋಳು ನಾನು, 'ನಂಗೇನೂ ಆಗ್ಲಿಲ್ಲ' ಅಂತ ಹೇಳ್ಕೊಂಡು ತಿರುಗಿದೆ. ಹೋದೋಳು ಬಂದು ಹೇಳ್ತಾಳಾ?"

ಉಮ್ ರಿಫಾತ್ ಪೊಟ್ಟಣ ಮಡಚಿದರು. ಬುಸೈನಾ ಅತ್ತೆಯ ಮಗ್ಗುಲಿಗೆ ಸರಿದು ಭುಜಕ್ಕೆ ಒರಗಿದಳು.

"ಸಾಕು ಸಾಕು, ಹಬ್ಬದ ದಿನ ಅಳ್ಬಾರ್ದು," ಎಂದು ಅತ್ತೆಯೇ ಬುಟ್ಟಿ ಎಳೆದುಕೊಂಡರು. ಅದರಲ್ಲಿ ಹೊಗೆಯಾಡಿಸಿದ ಮೀನು. ಬಾಣಲೆಯಲ್ಲಿ ಹುರಿದೂ ಹುರಿದೂ ಕರ್ರಗಾಗಿತ್ತು. "ತಿನ್ನು. ಇದ್ರಲ್ಲಿ ಯಾವ ಹುಳಾನೂ ಬದುಕಿಲ್ಲ."

ಬುಸೈನಾ ಕಚ್ಚಿದಳು. ಚಪ್ಪಲಿ ಜಗಿದಂತಾಯಿತು. ನಗು ತಡೆಯಲಾರದೆ, ಈರುಳ್ಳಿ ನಂಚಿಕೊಂಡು ಅದನ್ನೇ ತಿಂದಳು.

"ಉಪ್ಪು ಸ್ವಲ್ಪ ಜಾಸ್ತಿ..." ಎಂದು ಸಫ್ವತ್ ಶುರುಮಾಡಿದ. ಇಬ್ಬರು ಹೆಂಗಸರೂ ಒಟ್ಟಿಗೆ ತಿರುಗಿ ನೋಡಿದರು. ಅವನು ತೆಪ್ಪಗೆ ಈರುಳ್ಳಿ ಸುಲಿಯಲು ಕೂತ.

ಬೇಸಿಗೆಯ ಕೊನೆಗೆ ಹೆರಿಗೆ ಸುಖವಾಗಿ ಆಯಿತು, ಹೆಣ್ಣುಕೂಸು. ಬಾಣಂತಿಗೆ ಹಾಲು ಹೆಚ್ಚಲಿ ಎಂದು ಮೆಂತ್ಯದ ಕಷಾಯ ಹಿಡಿದು ಅತ್ತೆ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರು. "ತಡಿಯಮ್ಮ, ಮೊದ್ಲು ಡಾಕ್ಟರನ್ನ ಕೇಳೋಣ," ಎಂದ ಸಫ್ವತ್.

"ಕೇಳಿಯೇ ತಂದಿದೀನಿ ಕಣೋ," ಎಂದರು ಇಕ್ಬಾಲ್.