ಹೋಗಿ ಬರ್ತೀನಿ ಅಂದವನ ಕುರ್ಚಿ

ಪರದೇಶಕ್ಕೆ ಓದಲು ಬಂದ ಎರಡೇ ವರ್ಷದಲ್ಲಿ ಇಲ್ಲಿಯ ಭಾಷೆಯನ್ನು ನಾನು ಹೇಗೆ ಅರೆದು ಕುಡಿದೆನೆಂದರೆ, ಇಲ್ಲೇ ಹುಟ್ಟಿದವರು ನನ್ನನ್ನು ಕೇಳಿ ತಮ್ಮ ಉಚ್ಚಾರ ತಿದ್ದಿಕೊಳ್ಳುತ್ತಿದ್ದರು. ನಾಲಿಗೆ ಹೊರಳಿಸಿ ಹೊರಳಿಸಿ ಮೂರು ಕನ್ನಡಿ ಸವೆಸಿದ್ದೆ.

ಅಷ್ಟರಲ್ಲಿ ವಕ್ಕರಿಸಿದ, ಚಿಕ್ಕಪ್ಪನ ಮಗ ಗುಂಡ. ಅದೇ ವಿಶ್ವವಿದ್ಯಾಲಯ, ಅದೇ ಕೋಣೆ. ಬಾಯಿ ತೆರೆದರೆ ಪ್ರತಿ ಪದಕ್ಕೂ ಬಾಲದಂತೆ ಒಂದು ಉಕಾರ: ಬುಕ್ಕು, ಪೆನ್ನು, ಡೆಸ್ಕು.

ಗ್ರಂಥಾಲಯದ ಕೌಂಟರಿನಲ್ಲಿ ವಿದ್ಯಾರ್ಥಿಗೊಂದು ಕೆಲಸ ಖಾಲಿಯಾಯಿತು. ಆ ಕುರ್ಚಿಯ ಮೇಲೆ ನಾನು ಬಂದ ದಿನದಿಂದ ಕಣ್ಣಿಟ್ಟಿದ್ದೆ. ಅಲ್ಲಿ ಕೂತವನನ್ನು ಯಾರೂ "ಯಾವ ದೇಶ?" ಎಂದು ಕೇಳುವುದಿಲ್ಲ, "ಯಾವ ಕಪಾಟು?" ಎಂದು ಕೇಳುತ್ತಾರೆ. ಗುಂಡನೂ ಅರ್ಜಿ ಹಾಕಿದ.

"ನೀನ್ಯಾಕೋ? ನಿನ್ನ ಮಾತು ಕೇಳಿದ್ರೆ ಪುಸ್ತಕಗಳೇ ಇಳಿದು ಓಡೋಗ್ತವೆ."

"ಹಿಡ್ಕೊಂಡು ಬರೋಕೂ ಒಬ್ಬ ಬೇಕಲ್ಲಣ್ಣಾ!"

ಸಂದರ್ಶನದಲ್ಲಿ ನಾನು ಅರ್ಧ ಗಂಟೆ ಜಲಪಾತದಂತೆ ಸುರಿದೆ. ಗ್ರಂಥಪಾಲಕಿ ಆಕಳಿಸಿದರು, ಬೆರಗಿಗೆ ಬಾಯಿ ತೆರೆದರೆಂದು ತಿಳಿದೆ. ಗುಂಡ ಐದು ನಿಮಿಷ ತಡವರಿಸಿ, ಬರಿದೇ "ಹೋಗ್ತೀನಿ" ಅನ್ನಬಾರದೆಂದು ಅಜ್ಜಿ ಕಲಿಸಿದ್ದನ್ನು ನೆನೆದು, "ಹೋಗಿ ಬರ್ತೀನಿ" ಎಂಬುದನ್ನೇ ಪದಕ್ಕೆ ಪದ ಅವರ ಭಾಷೆಗೆ ತಿರುಗಿಸಿ ಹೇಳಿ ಹೊರಟ. ಆಕೆ ಪಾಪ, ಬಂದೇ ಬರುತ್ತಾನೆಂದು ಊಟ ಬಿಟ್ಟು ಕಾದರಂತೆ! ಸಂಜೆ ತರಗತಿಯ ಬಾಗಿಲಿಗೇ ಬಂದು, "ಎಲ್ಲಪ್ಪಾ ಹೋಗಿದ್ದೆ?" ಎಂದರು. ಅವನು ಅರ್ಥ ಬಿಡಿಸಿ ಹೇಳಿದ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಹಾಗಾದ್ರೆ ಸೋಮವಾರ ಬಾ, ಕೆಲಸ ನಿಂದೇ" ಎಂದುಬಿಟ್ಟರು.

ನನ್ನ ಹೊಟ್ಟೆಯುರಿಯಲ್ಲಿ ಇಡೀ ಊರಿಗೆ ಅಡುಗೆ ಮಾಡಬಹುದಿತ್ತು. ತಿಂಗಳೊಳಗೆ ಪ್ರಾಧ್ಯಾಪಕರೂ ಕೌಂಟರಿಗೆ ಬಂದು "ಬುಕ್ಕು" ಕೇಳತೊಡಗಿದರು. ನಾನು ಎರಡು ವರ್ಷ ಬೆವರು ಸುರಿಸಿ ಅವರಂತಾದೆ. ಇವನು ಕೂತಲ್ಲೇ ಅವರನ್ನು ತನ್ನಂತೆ ಮಾಡಿಕೊಂಡ!

ಮತ್ತೊಂದು ಕುರ್ಚಿ ಖಾಲಿಯಾಯಿತು. ಈ ಸಲ ಸಂದರ್ಶನದಲ್ಲಿ ಊರಿಂದ ತಂದಿದ್ದ ನನ್ನ ಹಳೆಯ ನಾಲಿಗೆಯನ್ನೇ ಹೊರತೆಗೆದೆ. ಉಕಾರ ಸುರಿದೆ, ತಲೆ ಅಲ್ಲಾಡಿಸಿದೆ. ಹಾಳಾದ್ದು, ಅದು ವಾಪಸು ಬರಲೊಲ್ಲದು. ಉಕಾರಗಳೆಲ್ಲ ಕೂರಬಾರದ ಕಡೆ ಕೂತವು. ಗ್ರಂಥಪಾಲಕಿ ಮುಖ ಗಂಟಿಕ್ಕಿದರು.

"ತಮ್ಮನ್ನ ಅಣಕಿಸ್ತೀಯಾ? ನಾಚಿಕೆ ಆಗಲ್ವಾ?"

ಗುಂಡ ಕೌಂಟರಿನಿಂದ ಓಡಿ ಬಂದ. "ಇಲ್ಲ ಮೇಡಂ, ನಮ್ಮಣ್ಣನ ಮಾತೂ ಮೊದ್ಲು ಹೀಗೇ ಇತ್ತು. ದೇವ್ರಾಣೆಗೂ!"

ಆಕೆ ನಂಬಲಿಲ್ಲ. ಆದರೆ ಅಣ್ಣನಿಗಾಗಿ ಸುಳ್ಳು ಹೇಳಲೂ ಹಿಂಜರಿಯದ ಅವನ ದೊಡ್ಡ ಮನಸ್ಸಿಗೆ ಆಕೆಯ ಕಣ್ಣು ತುಂಬಿ ಬಂತು.